ಸಣ್ಣ ಗಿಡುಗ ಪತಂಗಗಳು: ಅವುಗಳ ನೆಲೆ ಮತ್ತು ಶಾಲೆಯ ಅಂಗಳ

(ಪರಿಸರ ಅಧ್ಯಯನ ಹಾಗೂ ವಿಜ್ಞಾನ ಬೋಧಿಸುವ ಕನ್ನಡ ಮಾಧ್ಯಮ ಶಿಕ್ಷಕರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಮಳೆಗಾಲದ ಒಂದು ಬೆಳಗ್ಗೆ, ಕಾಸರಗೋಡಿನ ಕಡೆಯ ಒಂದು ಕಿರಿಯ ಪ್ರಾಥಮಿಕ ಶಾಲೆಯನ್ನು ಕಲ್ಪಿಸಿಕೊಳ್ಳಬಹುದು. ಮೂರನೆಯ ತರಗತಿಯ ಹುಡುಗಿಯೊಬ್ಬಳು ಕೆಸುವಿನ ಎಲೆಯೊಂದನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು ತರಗತಿಗೆ ಬರುತ್ತಾಳೆ. ಮನೆಯಲ್ಲಿ ಪತ್ರೊಡೆಗೆಂದು ಕೊಯ್ದ ಎಲೆಗಳಲ್ಲಿ ಅದೂ ಒಂದು. ಎಲೆಯ ಅಡಿಯಲ್ಲಿ ಬೆರಳುದ್ದದ ಕಪ್ಪು ಹುಳುವೊಂದು ಅಂಟಿಕೊಂಡಿದೆ. ಅದರ ಎರಡೂ ಪಕ್ಕೆಗಳಲ್ಲಿ ಸಾಲಾಗಿ ಕಣ್ಣಿನಂಥ ಬೊಟ್ಟುಗಳಿವೆ. ಬಾಲದ ತುದಿಯಲ್ಲಿ ಒಂದು ಕೊಂಬಿದೆ. ಹುಳು ನಡೆದಂತೆಲ್ಲ ಆ ಕೊಂಬು ಹಿಂದಕ್ಕೂ ಮುಂದಕ್ಕೂ ಆಡುತ್ತದೆ. “ಟೀಚರೇ, ಇದು ಕಚ್ಚುತ್ತದಾ?” ಎಂದು ಮಗು ಕೇಳುತ್ತದೆ.

ಆ ಕ್ಷಣದಲ್ಲಿ ಅಧ್ಯಾಪಕಿಯ ಮುಂದೆ ಎರಡು ಮಾತುಗಳಿರುತ್ತವೆ. ಒಂದು, “ಅದನ್ನು ಹೊರಗೆ ಬಿಸಾಡು, ಕೈ ತೊಳೆದುಕೊಂಡು ಬಾ” ಎನ್ನುವುದು. ಇನ್ನೊಂದು, “ಇದು ನಿನಗೆ ಎಲ್ಲಿ ಸಿಕ್ಕಿತು ಮಗೂ?” ಎನ್ನುವುದು. ಮೊದಲನೆಯ ಮಾತಿನಲ್ಲಿ ತಪ್ಪೇನೂ ಇಲ್ಲ. ಆದರೆ ಅಲ್ಲಿಗೆ ಪಾಠ ಮುಗಿಯುತ್ತದೆ. ಎರಡನೆಯ ಮಾತಿನಿಂದ ಪಾಠ ಆರಂಭವಾಗುತ್ತದೆ. ಈ ಉಪನ್ಯಾಸದ ವಿಷಯ ಆ ಎರಡನೆಯ ಪ್ರಶ್ನೆಯೇ ಆಗಿದೆ.

ಆ ಹುಳು ಸಣ್ಣದೊಂದು ಗಿಡುಗ ಪತಂಗದ ಮರಿ. ಇಂಥ ಪತಂಗಗಳು ಎಲ್ಲಿ ವಾಸಿಸುತ್ತವೆ ಎಂಬ ಪ್ರಶ್ನೆಗೆ ಭೂಪಟದ ಮೇಲೆ ಬೆರಳಿಟ್ಟು ಉತ್ತರ ಹೇಳುವುದು ವಾಡಿಕೆ: ದಕ್ಷಿಣ ಭಾರತ, ಪಶ್ಚಿಮ ಘಟ್ಟ, ದಖ್ಖನ್ ಪ್ರಸ್ಥಭೂಮಿ ಹೀಗೆ. ಆದರೆ ಪತಂಗದ ಮಟ್ಟಿಗೆ ಅದು ಊರಿನ ಹೆಸರನ್ನು ಹೇಳಿ ಮನೆಯ ಗುರುತು ಹೇಳದೆ ಬಿಟ್ಟಂತೆ. ಅದರ ನಿಜವಾದ ವಿಳಾಸ ಒಂದು ಗಿಡ. ಗಿಡವನ್ನು ಬಲ್ಲವರಿಗೆ ಪತಂಗ ಸಿಗುತ್ತದೆ. ಗಿಡವನ್ನು ಕಿತ್ತೆಸೆದ ಅಂಗಳದಿಂದ ಪತಂಗ ಹೊರಟುಹೋಗುತ್ತದೆ.

ಗಿಡುಗ ಪತಂಗ ಯಾವುದು?

ಹಗಲು ಹಾರುವ ಬಣ್ಣದ ರೆಕ್ಕೆಯ ಕೀಟಗಳನ್ನು ಚಿಟ್ಟೆಗಳೆಂದೂ, ಹೆಚ್ಚಾಗಿ ಇರುಳಿನಲ್ಲಿ ಹಾರುವ ಅವುಗಳ ಬಂಧುಗಳನ್ನು ಪತಂಗಗಳೆಂದೂ ಕರೆಯುವ ರೂಢಿಯಿದೆ. ಪತಂಗಗಳಲ್ಲಿ ಸ್ಫಿಂಜಿಡೇ ಎಂಬುದೊಂದು ಕುಟುಂಬ. ಜಗತ್ತಿನಲ್ಲಿ ಈ ಕುಟುಂಬದ 1,400ಕ್ಕೂ ಹೆಚ್ಚು ಪ್ರಭೇದಗಳಿವೆ. ಭಾರತದಲ್ಲಿ 200ರ ಆಸುಪಾಸಿನಲ್ಲಿವೆ. ಇಂಗ್ಲಿಷಿನಲ್ಲಿ ಇವು ಹಾಕ್ ಮಾತ್‌ಗಳು. ಕಿರಿದಾದ ನೀಳ ರೆಕ್ಕೆ, ಹಿಂದಕ್ಕೆ ಚೂಪಾಗುತ್ತ ಹೋಗುವ ಗಟ್ಟಿಮುಟ್ಟಾದ ಮೈ, ಬಾಣದಂಥ ವೇಗ ಇವುಗಳಿಂದ ಗಿಡುಗದ ಹೋಲಿಕೆ ಬಂದಿದೆ. ಕನ್ನಡದಲ್ಲಿ ಇವನ್ನು ಗಿಡುಗ ಪತಂಗ ಎಂದು ಕರೆದರೆ ಮಕ್ಕಳಿಗೆ ಸುಲಭವಾಗಿ ಅರ್ಥವಾಗುತ್ತದೆ.

ಕುಟುಂಬದ ಶಾಸ್ತ್ರೀಯ ಹೆಸರು ಬಂದದ್ದು ಮರಿಹುಳುವಿನಿಂದ. ಬೆದರಿದಾಗ ಹುಳು ಮೈಯ ಮುಂಭಾಗವನ್ನು ಮೇಲಕ್ಕೆತ್ತಿ, ತಲೆಯನ್ನು ಒಳಕ್ಕೆ ಬಾಗಿಸಿ, ಕಲ್ಲಿನಂತೆ ನಿಶ್ಚಲವಾಗಿ ಕೂರುತ್ತದೆ. ಆ ಭಂಗಿಯಲ್ಲಿ ಈಜಿಪ್ಟಿನ ಸ್ಫಿಂಕ್ಸ್ ಪ್ರತಿಮೆಯ ಹೋಲಿಕೆ ಕಂಡದ್ದರಿಂದ ಆ ಹೆಸರು ಉಳಿದುಕೊಂಡಿತು. ಬಾಲದ ಮೇಲಿನ ಕೊಂಬು ಈ ಕುಟುಂಬದ ಹೆಚ್ಚಿನ ಮರಿಗಳ ಗುರುತು. ಅದು ಮುಳ್ಳಲ್ಲ, ಅದರಲ್ಲಿ ವಿಷವಿಲ್ಲ, ಅದು ಚುಚ್ಚುವುದೂ ಇಲ್ಲ.

ಇಲ್ಲಿ ಪಠ್ಯಪುಸ್ತಕದ ಒಂದು ಪದದ ಬಗೆಗೆ ಎಚ್ಚರ ಬೇಕು. ಜೀವನಚಕ್ರದ ಚಿತ್ರದಲ್ಲಿ ಮೊಟ್ಟೆಯ ನಂತರದ ಹಂತಕ್ಕೆ ಸಾಮಾನ್ಯವಾಗಿ ಕಂಬಳಿಹುಳು ಎಂದು ಬರೆದಿರುತ್ತದೆ. ಕಂಬಳಿಹುಳು ಎಂದರೆ ಮೈತುಂಬ ರೋಮವಿರುವ, ತಾಗಿದರೆ ತುರಿಸುವ ಹುಳು. ಗಿಡುಗ ಪತಂಗದ ಮರಿಯ ಮೈ ನುಣುಪು. ಎಲ್ಲ ಮರಿಗಳಿಗೂ ಕಂಬಳಿಹುಳು ಎಂಬ ಒಂದೇ ಹೆಸರಿಟ್ಟರೆ ತುರಿಕೆಯ ಭಯವೂ ಎಲ್ಲವುಗಳ ಮೇಲೆ ಹರಡುತ್ತದೆ. ರೋಮವಿಲ್ಲದ್ದನ್ನು ಮರಿಹುಳು ಅಥವಾ ಎಲೆಹುಳು ಎಂದರೆ ಮಾತೂ ಸರಿಯಾಗುತ್ತದೆ, ಮಗುವಿನ ನೋಟವೂ ಸರಿಯಾಗುತ್ತದೆ.

ಈ ಕುಟುಂಬದಲ್ಲಿ ಅಂಗೈಯಗಲದ ದೊಡ್ಡ ಪತಂಗಗಳಿವೆ. ಕಣಗಿಲೆ ಮತ್ತು ನಂದಿಬಟ್ಟಲಿನ ಗಿಡದ ಮೇಲೆ ಬೆಳೆಯುವ, ಹಸಿರು ಅಮೃತಶಿಲೆಯಂಥ ರೆಕ್ಕೆಯ ಡಾಫ್ನಿಸ್ ನೀರಿಯೈ ಎಂಬ ಪತಂಗವನ್ನು ಅನೇಕರು ಬಲ್ಲರು. ರೆಕ್ಕೆ ಬಿಡಿಸಿದಾಗ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 4ರಿಂದ 7 ಸೆಂಟಿಮೀಟರ್ ಮಾತ್ರ ಇರುವ ಸಣ್ಣ ಪತಂಗಗಳು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಬಿದ್ದರೂ ಅವನ್ನು ಜೇನೆಂದೋ ದುಂಬಿಯೆಂದೋ ಭಾವಿಸಿ ಮುಂದೆ ಹೋಗುತ್ತಾರೆ. ಮೊಬೈಲಿನಲ್ಲಿ ಹೊರದೇಶದ ಚಿತ್ರಗಳನ್ನು ನೋಡಿದ ಮಕ್ಕಳು “ಹಮ್ಮಿಂಗ್ ಬರ್ಡ್ ಬಂದಿದೆ” ಎಂದು ಓಡಿಬರುವುದೂ ಉಂಟು. ಹಮ್ಮಿಂಗ್ ಬರ್ಡ್ ಅಮೆರಿಕ ಖಂಡಗಳ ಹಕ್ಕಿ, ಭಾರತದಲ್ಲಿ ಅದಿಲ್ಲ. ಹೂವಿನ ಮುಂದೆ ಗಾಳಿಯಲ್ಲೇ ನಿಂತು ಉದ್ದನೆಯ ನಾಳದಿಂದ ಮಕರಂದ ಹೀರುತ್ತಿದ್ದದ್ದು ಬಹುಮಟ್ಟಿಗೆ ಸಣ್ಣದೊಂದು ಗಿಡುಗ ಪತಂಗವೇ ಆಗಿರುತ್ತದೆ.

ನಾಲ್ಕು ಗಿಡಗಳು, ನಾಲ್ಕು ಪತಂಗಗಳು

ಮೊದಲನೆಯದು ಆ ಹುಡುಗಿ ತಂದ ಕೆಸು. ಅದರ ಮೇಲಿನ ಕಪ್ಪು ಹುಳು ಥೆರೆಟ್ರ ಓಲ್ಡೆನ್‌ಲ್ಯಾಂಡಿಯೇ ಎಂಬ ಪತಂಗದ ಮರಿ. ಕೆಸುವಲ್ಲದೆ ಕರ್ಣಕುಂಡಲದ ಗಿಡವನ್ನೂ ದ್ರಾಕ್ಷಿ ಬಳ್ಳಿಯನ್ನೂ ಅದು ತಿನ್ನುತ್ತದೆ. ಪ್ರೌಢ ಪತಂಗದ ಬಣ್ಣ ಮಾಸಲು ಕಂದು. ಬೆನ್ನಿನ ಹಿಂಭಾಗದ ಉದ್ದಕ್ಕೂ ಜೊತೆಯಾಗಿ ಸಾಗುವ ಎರಡು ಬೆಳ್ಳಿಗೆರೆಗಳಿಂದ ಅದನ್ನು ಗುರುತಿಸಬಹುದು. ಹಾರಾಟ ಹೆಚ್ಚಾಗಿ ಮುಸ್ಸಂಜೆಯಲ್ಲಿ. ಕಾಸರಗೋಡು ಮತ್ತು ಗೋವೆಯ ಕರಾವಳಿಯಲ್ಲಿ ಕೆಸು ಬೆಳೆಯದ ಹಿತ್ತಲು ಅಪರೂಪವಾದ್ದರಿಂದ, ಮಳೆಗಾಲದಲ್ಲಿ ಈ ಹುಳುವನ್ನು ಹುಡುಕಲು ಶಾಲೆಯಿಂದ ದೂರ ಹೋಗಬೇಕಾಗಿಲ್ಲ.

ಎರಡನೆಯದು ಕಾಫಿ. ವಯನಾಡು ಮತ್ತು ನೀಲಗಿರಿಯ ಗೂಡಲೂರು ಕಡೆಯ ಮಕ್ಕಳಿಗೆ ಕಾಫಿ ಗಿಡದ ಪರಿಚಯ ಮಾಡಿಸಬೇಕಾಗಿಲ್ಲ. ಕಾಫಿ, ಗಾರ್ಡೀನಿಯ ಮತ್ತು ಅವುಗಳ ಹತ್ತಿರದ ಬಂಧುಗಳಾದ ಗಿಡಗಳ ಮೇಲೆ ಸೆಫೊನೋಡಿಸ್ ಹೈಲಾಸ್ ಎಂಬ ಪತಂಗ ಬೆಳೆಯುತ್ತದೆ. ಇದರ ರೆಕ್ಕೆಗಳು ಗಾಜಿನಂತೆ ಪಾರದರ್ಶಕ. ಕೋಶದಿಂದ ಹೊರಬಂದಾಗ ರೆಕ್ಕೆಯ ಮೇಲೆ ಬೂದು ಬಣ್ಣದ ಪುಡಿಯಂಥ ಹುರುಪೆಗಳಿರುತ್ತವೆ. ಮೊದಲ ಸಲ ರೆಕ್ಕೆ ಬಡಿದಾಗ ಅವು ಉದುರಿಹೋಗಿ ರೆಕ್ಕೆ ತಿಳಿಯಾಗುತ್ತದೆ. ಮೈ ಹಳದಿ ಬೆರೆತ ಹಸಿರು, ನಡುವೆ ಕಂದುಗೆಂಪು ಪಟ್ಟಿ. ಹಗಲಿನಲ್ಲೇ ಗುಂಯ್‌ಗುಟ್ಟುತ್ತ ಹೂವಿಂದ ಹೂವಿಗೆ ಹೋಗುವುದರಿಂದ ದೊಡ್ಡ ಜೇನೊಂದು ಬಂತೆಂದು ಭ್ರಮೆಯಾಗುತ್ತದೆ. ಕುಟುಕುವ ಜೇನಿನ ವೇಷ ಅದಕ್ಕೆ ಹಕ್ಕಿಗಳಿಂದ ರಕ್ಷಣೆ.

ಮೂರನೆಯ ಬಳಗ ಮ್ಯಾಕ್ರೊಗ್ಲಾಸಮ್. ರೆಕ್ಕೆಯ ಹರವು 4ರಿಂದ 6 ಸೆಂಟಿಮೀಟರ್. ಮೈ ಬಣ್ಣ ಒಣಎಲೆಯಂತೆ ಕಂದು. ಹಿಂರೆಕ್ಕೆಯಲ್ಲಿ ಹೆಚ್ಚಿನವಕ್ಕೆ ಹಳದಿ ಪಟ್ಟಿ. ಬಾಲದಲ್ಲಿ ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ರೋಮದ ಕುಚ್ಚು. ಹಗಲಿನಲ್ಲೂ ಮುಸ್ಸಂಜೆಯಲ್ಲೂ ಲಂಟಾನದಂಥ ಹೂಗಳ ಬಳಿ ಇವು ಕಾಣಿಸುತ್ತವೆ. ಇವುಗಳ ಮರಿಗಳಲ್ಲಿ ಬಹುಪಾಲು ಕಾಫಿಯ ಕುಟುಂಬವಾದ ರೂಬಿಯೇಸಿಗೆ ಸೇರಿದ ಗಿಡಗಳನ್ನೇ ತಿನ್ನುತ್ತವೆ. ತಾಳವಾಡಿ ಮತ್ತು ಹೊಸೂರಿನ ಬಯಲುಗಳಲ್ಲಿ ಹೊಲದ ಬದುವಿನ ಮೇಲೆ ತಾನಾಗಿ ಬೆಳೆಯುವ, ಹಿಂದೆ ಬೇರಿನಿಂದ ಕೆಂಪು ಬಣ್ಣ ತೆಗೆಯುತ್ತಿದ್ದ ನೋನಿಯ ಬಳಗದ ಮರ ಆ ಕುಟುಂಬದ್ದು. ತಮಿಳಿನಲ್ಲಿ ಅದು ನುಣಾ, ಮರಾಠಿಯಲ್ಲಿ ಬಾರತೊಂಡಿ.

ಇದೇ ಬಳಗದ ಮ್ಯಾಕ್ರೊಗ್ಲಾಸಮ್ ಸ್ಟೆಲ್ಲಟಾರಮ್ ಯುರೋಪಿನಲ್ಲಿ ಬಹಳ ಹೆಸರಾದದ್ದು. ಸೆಕೆಂಡಿಗೆ 70ರಿಂದ 80 ಸಲ ರೆಕ್ಕೆ ಬಡಿಯುವ ಈ ಪತಂಗ ಬೇಸಿಗೆಯಲ್ಲಿ ಮೆಡಿಟರೇನಿಯನ್ ತೀರದಿಂದ ಉತ್ತರಕ್ಕೆ ಇಂಗ್ಲೆಂಡಿನವರೆಗೆ ವಲಸೆ ಹೋಗುತ್ತದೆ. ಅಲ್ಲಿ ಅದರ ಮರಿಗಳು ತಿನ್ನುವುದು ಗೇಲಿಯಮ್ ಎಂಬ ಸಣ್ಣ ಗಿಡವನ್ನು. ಆ ಗೇಲಿಯಮ್ ಸಹ ಕಾಫಿಯ ಕುಟುಂಬಕ್ಕೇ ಸೇರಿದೆ. ದೇಶ, ಹವೆ, ಋತು ಎಲ್ಲವೂ ಬದಲಾಗಿದ್ದರೂ ಗಿಡದ ಕುಟುಂಬ ಮಾತ್ರ ಬದಲಾಗಿಲ್ಲ. ಪತಂಗದ ವಿಳಾಸ ಎಂದರೆ ಇದು.

ನಾಲ್ಕನೆಯದು ಬಯಲುಸೀಮೆಯ ಕೊಮ್ಮೆ. ಆದೋನಿ, ರಾಯದುರ್ಗ, ಮಡಕಶಿರ, ಅಕ್ಕಲಕೋಟೆ, ಸೊಲ್ಲಾಪುರದ ಕಡೆ ಶಾಲೆಯ ಕಾಂಪೌಂಡಿನ ಬುಡದಲ್ಲಿ, ದಾರಿಯ ಅಂಚಿನಲ್ಲಿ, ನೆಲಕ್ಕೆ ಒರಗಿ ಹರಡಿಕೊಳ್ಳುವ, ಸಾಸಿವೆಯಷ್ಟು ಪುಟ್ಟ ಗುಲಾಬಿ ಹೂವಿನ ಗಿಡ ಇದು. ಸನಾಡಿಕ, ಪುನರ್ನವ ಎಂಬ ಹೆಸರುಗಳೂ ಇದಕ್ಕಿವೆ. ಬೇಸಿಗೆಯಲ್ಲಿ ಒಣಗಿ, ಮೊದಲ ಮಳೆಗೆ ಬೇರಿನಿಂದ ಮತ್ತೆ ಚಿಗುರುವುದರಿಂದ ಪುನರ್ನವ. ಇದರ ಮೇಲೆ ಹಿಪ್ಪೋಟಿಯಾನ್ ಬಳಗದ ಪತಂಗಗಳು ಬೆಳೆಯುತ್ತವೆ. ಅವುಗಳ ಮುಂರೆಕ್ಕೆ ಕಂದು, ಹಿಂರೆಕ್ಕೆ ಕೆಂಪು ಅಥವಾ ಗುಲಾಬಿ. ಈ ಬಳಗದ ಕೆಲವು ಪ್ರಭೇದಗಳು ಒಂದನ್ನೊಂದು ಎಷ್ಟು ಹೋಲುತ್ತವೆಂದರೆ ಬರಿಗಣ್ಣಿನಿಂದ ಬೇರ್ಪಡಿಸಲು ತಜ್ಞರೂ ಹಿಂಜರಿಯುತ್ತಾರೆ. ತರಗತಿಯ ಮಟ್ಟಕ್ಕೆ ಬಳಗದ ಹೆಸರು ತಿಳಿದರೆ ಸಾಕು.

ಇದೇ ಬಳಗದ ಹಿಪ್ಪೋಟಿಯಾನ್ ಸೆಲೆರಿಯೋ ಕೊಮ್ಮೆಯನ್ನೂ ತಿನ್ನುತ್ತದೆ, ದ್ರಾಕ್ಷಿ ಬಳ್ಳಿಯನ್ನೂ ತಿನ್ನುತ್ತದೆ. ಜತ್ತ ಮತ್ತು ಸೊಲ್ಲಾಪುರದ ದ್ರಾಕ್ಷಿ ತೋಟಗಳ ಮಕ್ಕಳು ಇದರ ಮರಿಯನ್ನು ನೋಡಿರಬಹುದು. ಹಸಿರು ಅಥವಾ ಕಂದು ಬಣ್ಣದ ಈ ಹುಳು ಬೆದರಿದಾಗ ತಲೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆಗ ಮುಂಭಾಗ ಉಬ್ಬಿ, ಅಲ್ಲಿನ ಎರಡು ದುಂಡನೆಯ ಬೊಟ್ಟುಗಳು ಕಣ್ಣುಗಳಂತೆ ಕಾಣಿಸುತ್ತವೆ. ಹಾವಿನ ತಲೆಯೇ ಎದುರಾಯಿತೆಂದು ಹಕ್ಕಿ ಹಿಂದೆ ಸರಿಯುತ್ತದೆ. ಬಳ್ಳಿಯ ಮಾಲಿಕನಿಗೆ ಈ ಹುಳು ಬೇಡವಾದದ್ದು ಸಹಜ. ಹುಳು ಕೆಲವೇ ಇದ್ದರೆ ಕೈಯಿಂದ ಆರಿಸಿ ತೆಗೆಯಬಹುದು.

ಒಂದೇ ಗಿಡ ಏಕೆ?

ಮಕ್ಕಳು ಈ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ. ಉತ್ತರ ಪತ್ರೊಡೆಯಲ್ಲಿಯೇ ಇದೆ. ಕೆಸುವಿನ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ. ಹಸಿ ಎಲೆ ತಿಂದರೆ ನಾಲಿಗೆ, ಗಂಟಲು ತುರಿಸುವುದು ಇವುಗಳಿಂದ. ಆದ್ದರಿಂದಲೇ ಅಡುಗೆ ಮಾಡುವವರು ಹುಣಸೆಹುಳಿ ಬೆರೆಸಿ ಚೆನ್ನಾಗಿ ಬೇಯಿಸುತ್ತಾರೆ. ಗಿಡ ತನ್ನನ್ನು ತಿನ್ನುವವರಿಂದ ಉಳಿಸಿಕೊಳ್ಳಲು ಮಾಡಿಕೊಂಡ ವ್ಯವಸ್ಥೆ ಅದು. ಪ್ರತಿಯೊಂದು ಗಿಡಕ್ಕೂ ಇಂಥದೊಂದು ಉಪಾಯವಿದೆ. ಒಂದರಲ್ಲಿ ಹರಳು, ಒಂದರಲ್ಲಿ ಕಹಿ, ಒಂದರಲ್ಲಿ ವಿಷದ ಹಾಲು. ಅದನ್ನು ಜೀರ್ಣಿಸಿಕೊಳ್ಳುವ ಶಕ್ತಿಯನ್ನು ಹುಳುವಿನ ವಂಶವು ಬಹುಕಾಲದಲ್ಲಿ ಗಳಿಸಿಕೊಂಡಿದೆ. ಒಂದು ಗಿಡದ ವಿಷಕ್ಕೆ ಒಗ್ಗಿದ ಹೊಟ್ಟೆ ಅನೇಕ ವೇಳೆ ಇನ್ನೊಂದರ ವಿಷವನ್ನು ತಾಳಲಾರದು. ಹೆಣ್ಣು ಪತಂಗ ಮೊಟ್ಟೆಯಿಡುವ ಮೊದಲು ವಾಸನೆಯಿಂದ ಗಿಡವನ್ನು ಅರಸಿ, ಎಲೆಯನ್ನು ಕಾಲಿನಿಂದ ಮುಟ್ಟಿ ಪರೀಕ್ಷಿಸುತ್ತದೆ. ಅದರ ಪಾದಗಳಿಗೆ ರುಚಿ ತಿಳಿಯುವ ಶಕ್ತಿಯಿದೆ.

ಹೀಗಾಗಿ, ಕೀಟಗಳಿಗೆ ಗಡಿಯಿಲ್ಲ ಎಂಬ ಮಾತು ಅರ್ಧ ಮಾತ್ರ ನಿಜ. ರಾಜ್ಯಗಳ ಗಡಿ ಅವಕ್ಕಿಲ್ಲ. ಕಾರವಾರದ ಕೆಸುವಿಗೂ ಕಾಣಕೋಣದ ಕೆಸುವಿಗೂ ಪತಂಗವು ಭೇದವೆಣಿಸದು. ಆದರೆ ಕೆಸು ಮುಗಿದು, ಕರ್ಣಕುಂಡಲವೂ ಇಲ್ಲದೆ, ದ್ರಾಕ್ಷಿಯೂ ಇಲ್ಲದೆ ಹೋದ ಕಡೆ ಅದಕ್ಕೊಂದು ಗಟ್ಟಿಯಾದ ಗಡಿಯಿದೆ.

ಹೆಸರಿನಲ್ಲೇ ವಿಳಾಸ

ಈ ಸಂಗತಿಯನ್ನು ಹಿಂದಿನ ಪ್ರಾಣಿಶಾಸ್ತ್ರಜ್ಞರು ಬಲ್ಲವರಾಗಿದ್ದರು. ಅನೇಕ ಪತಂಗಗಳಿಗೆ ಗಿಡದ ಹೆಸರನ್ನೇ ಇಟ್ಟರು. ಕಣಗಿಲೆಯ ಶಾಸ್ತ್ರೀಯ ಹೆಸರು ನೀರಿಯಮ್, ಅದರಿಂದ ನೀರಿಯೈ. ಗೇಲಿಯಮ್ ಬಳಗದ ಗಿಡಗಳಲ್ಲಿ ಎಲೆಗಳು ನಕ್ಷತ್ರದಂತೆ ಜೋಡಿಸಿಕೊಂಡಿರುವುದರಿಂದ ಹಿಂದೆ ಆ ಗಿಡಗಳನ್ನು ಸ್ಟೆಲ್ಲೇಟೆ ಎಂದು ಕರೆಯುತ್ತಿದ್ದರು; ಅದರಿಂದ ಸ್ಟೆಲ್ಲಟಾರಮ್. ಇವೆರಡೂ ಲಿನೇಯಸ್ 1758ರಲ್ಲಿ ಇಟ್ಟ ಹೆಸರುಗಳು. ಫೆಬ್ರಿಷಿಯಸ್ 1775ರಲ್ಲಿ ಹೆಸರಿಸಿದ ಎರಡು ಪತಂಗಗಳಲ್ಲಿ ಒಂದಕ್ಕೆ ಓಲ್ಡೆನ್‌ಲ್ಯಾಂಡಿಯ ಎಂಬ ಸಣ್ಣ ಬಿಳಿಹೂವಿನ ಗಿಡದಿಂದ ಓಲ್ಡೆನ್‌ಲ್ಯಾಂಡಿಯೇ ಎಂಬ ಹೆಸರು ಬಂತು. ಇನ್ನೊಂದಕ್ಕೆ ಕೊಮ್ಮೆಯ ಶಾಸ್ತ್ರೀಯ ಹೆಸರಾದ ಬೋಯರ್ಹಾವಿಯದಿಂದ ಬೋಯರ್ಹಾವಿಯೇ ಎಂಬ ಹೆಸರು ಬಂತು. ಉರುಹೊಡೆಯಲು ಕಷ್ಟವೆನಿಸುವ ಈ ಪದಗಳು ಬಿಡಿಸಿ ಹೇಳಿದರೆ ಮಕ್ಕಳಿಗೆ ನೆನಪಿನಲ್ಲಿ ಉಳಿಯುತ್ತವೆ: ಕೊಮ್ಮೆಯ ಪತಂಗ, ಕಣಗಿಲೆಯ ಪತಂಗ.

ಗಡಿನಾಡಿನ ನೆಲಕ್ಕೆ ಈ ಅಧ್ಯಯನದಲ್ಲಿ ಒಂದು ಸ್ಥಾನವೂ ಇದೆ. ನೀಲಗಿರಿಯಲ್ಲಿ ಚಹಾ ಬೆಳೆಗಾರರಾಗಿ ಬಂದ ಜಾರ್ಜ್ ಹ್ಯಾಂಪ್ಸನ್ ಅಲ್ಲಿಯೇ ಚಿಟ್ಟೆ, ಪತಂಗಗಳ ಆಸಕ್ತಿ ಬೆಳೆಸಿಕೊಂಡರು. 1892ರಿಂದ ಹೊರಬಂದ ಭಾರತದ ಪತಂಗಗಳ ಸಂಪುಟಗಳನ್ನು ಬರೆದವರು ಅವರೇ. ಅರಣ್ಯಾಧಿಕಾರಿಯಾಗಿದ್ದ ಟಿ. ಆರ್. ಬೆಲ್ ನಿವೃತ್ತಿಯ ನಂತರವೂ ಕಾರವಾರದಲ್ಲಿಯೇ ನೆಲೆಸಿ 1948ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರೂ ಎಫ್. ಬಿ. ಸ್ಕಾಟ್ ಅವರೂ ಸೇರಿ ಬರೆದ ಭಾರತದ ಗಿಡುಗ ಪತಂಗಗಳ ಸಂಪುಟ 1937ರಲ್ಲಿ ಪ್ರಕಟವಾಯಿತು. ಬೆಲ್ ಅವರ ವಿಶೇಷವೆಂದರೆ ಸತ್ತ ಪತಂಗಗಳನ್ನು ಪೆಟ್ಟಿಗೆಯಲ್ಲಿ ಜೋಡಿಸಿಡುವುದಕ್ಕೆ ಅವರು ತೃಪ್ತರಾಗಲಿಲ್ಲ. ಉತ್ತರ ಕನ್ನಡದ ಕಾಡುಗಳಲ್ಲಿ ಮರಿಹುಳುಗಳನ್ನು ಹುಡುಕಿ, ಸಾಕಿ, ಯಾವುದು ಯಾವ ಎಲೆಯನ್ನು ತಿಂದಿತೆಂದು ಬರೆದಿಟ್ಟರು. ಆ ಕೆಲಸದ ಮೂಲರೂಪಕ್ಕೆ ಬೇಕಾದದ್ದು ಒಂದು ಡಬ್ಬ, ಹಸಿ ಎಲೆ, ತಾಳ್ಮೆ ಮತ್ತು ಒಂದು ನೋಟುಪುಸ್ತಕ. ಇವು ಯಾವ ಶಾಲೆಗೂ ಎಟಕದ ಸಾಮಗ್ರಿಗಳಲ್ಲ.

ಮನೆಮಾತಿನಿಂದ ಕನ್ನಡಕ್ಕೆ

ಗಡಿಭಾಗದ ಕನ್ನಡ ಶಾಲೆಯಲ್ಲಿ ಈ ಪಾಠಕ್ಕೆ ಇನ್ನೊಂದು ಮುಖವಿದೆ. ಅಲ್ಲಿನ ಮಗು ಗಿಡವನ್ನು ಬಲ್ಲದು, ಆದರೆ ಅನೇಕ ವೇಳೆ ಕನ್ನಡದಲ್ಲಿ ಬಲ್ಲದೆಂದು ಹೇಳಲಾಗದು. ಕೆಸು ಮಲಯಾಳದಲ್ಲಿ ಚೇಂಬು, ಮರಾಠಿಯಲ್ಲಿ ಅಳು, ತೆಲುಗಿನಲ್ಲಿ ಚಾಮ. ಕೊಮ್ಮೆ ತೆಲುಗಿನಲ್ಲಿ ಅಟಿಕ ಮಾಮಿಡಿ, ತಮಿಳಿನಲ್ಲಿ ಮೂಕ್ಕಿರಟ್ಟೈ. ರಾಯದುರ್ಗದ ಕಡೆಯ ಮಗುವನ್ನು “ಕೊಮ್ಮೆ ತೆಗೆದುಕೊಂಡು ಬಾ” ಎಂದು ಕಳುಹಿಸಿದರೆ ಬರಿಗೈಯಲ್ಲಿ ಮರಳಿ ಬರಬಹುದು. ಅಟಿಕ ಮಾಮಿಡಿ ಎಂದರೆ ಎರಡೇ ನಿಮಿಷದಲ್ಲಿ ತಂದೀತು. ಆಗ “ಇದಕ್ಕೆ ಕನ್ನಡದಲ್ಲಿ ಕೊಮ್ಮೆ ಎನ್ನುತ್ತಾರೆ” ಎಂದು ಹೇಳಿ ಗಿಡವನ್ನು ಕೈಗೆ ಕೊಟ್ಟರೆ, ಆ ಪದ ಇನ್ನು ಮರೆಯುವುದಿಲ್ಲ.

ಕನ್ನಡ ಕಲಿಯುವ ಮಗುವಿಗೆ ಕನ್ನಡದ ಪದಗಳು ಪಠ್ಯಪುಸ್ತಕದ ಪುಟದಲ್ಲಿ ಮಾತ್ರ ಸಿಕ್ಕಿ, ಹಿತ್ತಲಿನ ಗಿಡಕ್ಕೆ, ಗೋಡೆಯ ಮೇಲಿನ ಹುಳಕ್ಕೆ, ಸಂಜೆಯ ಹೂವಿಗೆ ಸಿಕ್ಕದೆ ಹೋದರೆ ಭಾಷೆ ಪರೀಕ್ಷೆಯ ಭಾಷೆಯಾಗಿ ಉಳಿಯುತ್ತದೆ. ಗಡಿನಾಡಿನ ಶಾಲೆಗಳ ನಿಜವಾದ ನಷ್ಟ ಅಲ್ಲಿದೆ. ಮನೆಮಾತಿನ ಹೆಸರನ್ನು ತಪ್ಪೆಂದು ತಳ್ಳದೆ, ಅದನ್ನು ಮೊದಲು ಹಲಗೆಯ ಮೇಲೆ ಬರೆದು, ಅದರ ಪಕ್ಕದಲ್ಲಿ ಕನ್ನಡದ ಹೆಸರನ್ನೂ ಅದರ ಮುಂದೆ ಶಾಸ್ತ್ರೀಯ ಹೆಸರನ್ನೂ ಬರೆದರೆ ಮೂರೂ ಒಂದನ್ನೊಂದು ಹಿಡಿದು ನಿಲ್ಲುತ್ತವೆ. ಊರಿನ ಹಿರಿಯರನ್ನು ಕೇಳಿ ಬರುವಂತೆ ಮಕ್ಕಳಿಗೆ ಹೇಳಿದರೆ, ಪುಸ್ತಕದಲ್ಲಿ ಇಲ್ಲದ ಹಳೆಯ ಕನ್ನಡ ಹೆಸರುಗಳೂ ದೊರೆಯುವುದುಂಟು.

ಮೂರು ನೆಲೆ, ಒಂದು ಅಂಗಳ

ಪತಂಗದ ವಿಳಾಸ ಗಿಡ ಎಂದು ಮೊದಲು ಹೇಳಲಾಯಿತು. ಇನ್ನೂ ಸರಿಯಾಗಿ ಹೇಳುವುದಾದರೆ ಒಂದೇ ಜೀವಕ್ಕೆ ಮೂರು ನೆಲೆಗಳು ಬೇಕು. ಮರಿಗೆ ಎಲೆ; ಪ್ರೌಢ ಪತಂಗಕ್ಕೆ ಹೂವು; ಇವೆರಡರ ನಡುವಿನ ಕೋಶಕ್ಕೆ ತರಗೆಲೆ ಮತ್ತು ಮಣ್ಣು. ಬೆಳೆದ ಮರಿ ತಿನ್ನುವುದನ್ನು ನಿಲ್ಲಿಸಿ, ಬಣ್ಣ ಮಂಕಾಗಿ, ಗಿಡದಿಂದ ಇಳಿದು ನೆಲದ ಮೇಲೆ ಚಡಪಡಿಸುತ್ತ ಓಡಾಡುತ್ತದೆ. ನಂತರ ಒಣಎಲೆಗಳ ನಡುವೆ ಸಡಿಲವಾದ ಗೂಡು ಕಟ್ಟಿಯೋ ಮಣ್ಣಿನೊಳಗೆ ಸೇರಿಯೋ ಕೋಶವಾಗುತ್ತದೆ.

ಈ ಹಿನ್ನೆಲೆಯಲ್ಲಿ ಶಾಲೆಯ ಅಂಗಳವನ್ನು ಒಮ್ಮೆ ನೋಡಬೇಕು. ಕುಂಡಗಳಲ್ಲಿ ಹೂಗಿಡಗಳಿವೆ, ಅದು ಮೂರರಲ್ಲಿ ಒಂದು ನೆಲೆ. ಕಳೆ ಎಂದು ಕೊಮ್ಮೆಯನ್ನು ಕೀಳಲಾಗುತ್ತದೆ. ಮರಿಯ ನೆಲೆ ಹೋಯಿತು. ತರಗೆಲೆಯನ್ನು ಗುಡಿಸಿ ಮೂಲೆಯಲ್ಲಿ ಬೆಂಕಿ ಹಚ್ಚಲಾಗುತ್ತದೆ. ಕೋಶದ ನೆಲೆಯೂ ಅದರೊಳಗಿದ್ದ ಕೋಶವೂ ಹೋದವು. ಸ್ವಚ್ಛತೆ ಬೇಡವೆಂದಲ್ಲ; ಮಕ್ಕಳು ಓಡಾಡುವ ಕಡೆ ನೆಲ ಚೊಕ್ಕಟವಾಗಿರಲೇಬೇಕು. ಆದರೆ ಕಾಂಪೌಂಡಿನ ಒಂದು ಮೂಲೆಯನ್ನು, ಒಂದು ಚಾಪೆಯಷ್ಟು ಜಾಗವನ್ನಾದರೂ, ಗುಡಿಸದೆ, ಸುಡದೆ, ಕಳೆ ಕೀಳದೆ ಬಿಡುವುದು ಎಲ್ಲ ಶಾಲೆಗಳಿಗೂ ಸಾಧ್ಯ. ಅಲ್ಲಿ ಕರಾವಳಿಯಲ್ಲಿ ಕೆಸು, ಬಯಲಿನಲ್ಲಿ ಕೊಮ್ಮೆ, ಹತ್ತಿರದಲ್ಲಿ ಒಂದು ಸಂಜೆಮಲ್ಲಿಗೆ ಇದ್ದರೆ ಮೂರೂ ನೆಲೆಗಳು ಒಂದೇ ಕಡೆ ಕೂಡಿಬಂದಂತೆ. ಸಂಜೆ ಅರಳುವ ಸಂಜೆಮಲ್ಲಿಗೆಯ ಉದ್ದನೆಯ ಕೊಳವೆಯಂಥ ಹೂವು ಇಂಥ ಪತಂಗಗಳಿಗೆ ಹೇಳಿ ಮಾಡಿಸಿದಂತಿದೆ. ಯುರೋಪಿನ ಒಂದು ಗಿಡುಗ ಪತಂಗವು ನಕ್ಷತ್ರದ ಮಬ್ಬು ಬೆಳಕಿನಲ್ಲಿಯೂ ಹೂವಿನ ಬಣ್ಣವನ್ನು ಗುರುತಿಸಬಲ್ಲದೆಂದು ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಸಂಶೋಧಕರು 2002ರಲ್ಲಿ ತೋರಿಸಿಕೊಟ್ಟರು.

ಇದರಿಂದ ಆಗುವ ಪ್ರಯೋಜನವೇನೆಂದು ಪೋಷಕರು ಕೇಳಿದರೆ ಪಪ್ಪಾಯಿಯ ಉದಾಹರಣೆ ಹೇಳಬಹುದು. ಗಂಡು ಹೂವಿನ ಮರವೊಂದು, ಹೆಣ್ಣು ಹೂವಿನ ಮರವೊಂದು ಇರುವ ಪಪ್ಪಾಯಿಯಲ್ಲಿ ಪರಾಗವನ್ನು ಯಾರಾದರೂ ಒಯ್ಯಲೇಬೇಕು. ಕೀನ್ಯಾದ ತೋಟಗಳಲ್ಲಿ ಆ ಕೆಲಸವನ್ನು ಮುಖ್ಯವಾಗಿ ಗಿಡುಗ ಪತಂಗಗಳೇ ಮಾಡುತ್ತವೆಂದು ಅಧ್ಯಯನದಿಂದ ತಿಳಿದುಬಂದಿದೆ.

ತರಗತಿಯಲ್ಲಿ ಸಾಕುವ ಕ್ರಮ

ಮರಿಯನ್ನು ಎಲೆಯ ಸಮೇತ ತರಬೇಕು. ಹುಳುವನ್ನು ಎಳೆದು ಬಿಡಿಸಬಾರದು. ಅಗಲ ಬಾಯಿಯ ಡಬ್ಬದ ತಳದಲ್ಲಿ ನಾಲ್ಕು ಬೆರಳು ಎತ್ತರಕ್ಕೆ ತುಸು ತೇವದ ಮಣ್ಣು, ಅದರ ಮೇಲೆ ಒಣಎಲೆ ಹಾಕಿ, ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಬೇಕು. ಸಿಕ್ಕಿದ ಗಿಡದ ಎಲೆಯನ್ನೇ ಪ್ರತಿದಿನ ಹೊಸದಾಗಿ ಕೊಡಬೇಕು. ಬೇರೆ ಎಲೆ ಕೊಟ್ಟರೆ ಅದು ಉಪವಾಸ ಬೀಳಬಹುದು. ಔಷಧಿ ಹೊಡೆದ ತೋಟದ ಎಲೆ ಬೇಡ. ಡಬ್ಬವನ್ನು ಬಿಸಿಲಿನಲ್ಲಿ ಇಡಬಾರದು; ಹಿಕ್ಕೆಯನ್ನು ದಿನವೂ ತೆಗೆಯಬೇಕು. ಬೆಚ್ಚಗಿನ ಹವೆಯಲ್ಲಿ ಮರಿ ಎರಡು ಮೂರು ವಾರಗಳಲ್ಲಿ ಬೆಳೆದು ಕ ೋಶವಾಗುತ್ತದೆ. ಸುಮಾರು ಅಷ್ಟೇ ಅವಧಿಯ ನಂತರ ಪತಂಗ ಹೊರಬರುತ್ತದೆ. ಹೊರಬಂದದ್ದು ಹತ್ತಿ ರೆಕ್ಕೆ ಹರಡಲು ಒಂದು ಕಡ್ಡಿಯನ್ನು ಮೊದಲೇ ಓರೆಯಾಗಿ ಇಟ್ಟಿರಬೇಕು. ಹಾರುವ ಮುನ್ನ ಅದು ಕುಳಿತಲ್ಲೇ ನಡುಗುತ್ತದೆ. ಅದು ಭಯದಿಂದಲ್ಲ, ಹಾರುವ ಸ್ನಾಯುಗಳನ್ನು ಬಿಸಿ ಮಾಡಿಕೊಳ್ಳುವ ಕ್ರಮ. ಸಂಜೆಯ ಹೊತ್ತು ಹೊರಗೆ ಬಿಟ್ಟುಬಿಡಬೇಕು.

ಕೆಲವೊಮ್ಮೆ ಕೋಶದಿಂದ ಪತಂಗದ ಬದಲು ಸಣ್ಣ ಕಣಜಗಳೋ ನೊಣಗಳೋ ಹೊರಬರುತ್ತವೆ. ಮಕ್ಕಳು ನಿರಾಶರಾಗುತ್ತಾರೆ. ಆದರೆ ಹುಳುಗಳ ಸಂಖ್ಯೆ ಮಿತಿಮೀರದಂತೆ ಹೊಲದಲ್ಲಿ ತಡೆಯುವವರು ಇವರೇ ಎಂಬುದು ಅಂದಿನ ಪಾಠವಾಗಬೇಕು. ಎರಡು ಎಚ್ಚರಿಕೆಗಳನ್ನು ಮರೆಯಬಾರದು. ರೋಮವಿರುವ ಯಾವ ಹುಳುವನ್ನೂ ಮಕ್ಕಳು ಬರಿಗೈಯಲ್ಲಿ ಮುಟ್ಟಬಾರದು. ಕಣಗಿಲೆಯ ಎಲೆ, ಹಾಲು ಎರಡೂ ವಿಷ. ಅದರ ಮೇಲಿನ ಹುಳುವನ್ನು ಗಿಡದಲ್ಲಿಯೇ ನೋಡಬೇಕು, ಎಲೆ ಕೀಳುವ ಕೆಲಸವನ್ನು ಮಕ್ಕಳಿಗೆ ಕೊಡಬಾರದು.

ದಾಖಲೆಗೆ ನಾಲ್ಕು ಕಲಮುಗಳು ಸಾಕು: ತಾರೀಕು, ಸ್ಥಳ, ಗಿಡದ ಹೆಸರು ಮನೆಮಾತಿನಲ್ಲಿಯೂ ಕನ್ನಡದಲ್ಲಿಯೂ, ಕಂಡದ್ದು ಏನು. ಇದನ್ನು ಮಕ್ಕಳೇ ತಮ್ಮ ಕನ್ನಡದಲ್ಲಿ ಬರೆಯಬೇಕು. ಕಾಗುಣಿತವನ್ನು ತಿದ್ದಬಹುದು; ಕಂಡದ್ದನ್ನು ತಿದ್ದಬಾರದು. ವರ್ಷ ವರ್ಷವೂ ಅದೇ ಪುಸ್ತಕ ಮುಂದುವರಿದರೆ ಆ ಊರಿನಲ್ಲಿ ಯಾವ ತಿಂಗಳು ಯಾವ ಎಲೆಯ ಮೇಲೆ ಯಾವ ಹುಳು ಇತ್ತೆಂಬುದಕ್ಕೆ ಆ ಶಾಲೆಯ ಪುಸ್ತಕವೇ ಆಧಾರವಾಗುತ್ತದೆ.

ಕೆಸುವಿನ ಎಲೆ ಹಿಡಿದು ನಿಂತ ಆ ಹುಡುಗಿಗೆ ಉತ್ತರ ಇನ್ನೂ ಸಿಕ್ಕಿಲ್ಲ. “ಕಚ್ಚುವುದಿಲ್ಲ ಮಗೂ. ಎಲ್ಲಿ ಸಿಕ್ಕಿತು?” ಎಂದು ಅಧ್ಯಾಪಕಿ ಕೇಳುತ್ತಾರೆ. “ಹಿತ್ತಲಿನ ಚೇಂಬಿನಲ್ಲಿ” ಎನ್ನುತ್ತದೆ ಮಗು. ಅಧ್ಯಾಪಕಿ ಹಲಗೆಯ ಮೇಲೆ ಚೇಂಬು ಎಂದು ಬರೆದು, ಅದರ ಪಕ್ಕದಲ್ಲಿ ಕೆಸು ಎಂದು ಬರೆಯುತ್ತಾರೆ. ಮೂಲೆಯಲ್ಲಿದ್ದ ಡಬ್ಬವನ್ನು ತರಲು ಒಬ್ಬ ಹುಡುಗ ಎದ್ದು ಹೋಗುತ್ತಾನೆ. ಮಣ್ಣು ತರಲು ಇನ್ನಿಬ್ಬರು ಅಂಗಳಕ್ಕೆ ಇಳಿಯುತ್ತಾರೆ.